ನಮ್ಮ ಫಿಯಾಟೂ ವಿಶ್ವೇಶ್ವರಯ್ಯನವರ ಕನಸೂ

೨೦೨೩ನೆಯ ಇಸವಿಯ ಅಕ್ಟೋಬರ್ ೩೦ರಂದು, ರಾಜ್ಯೋತ್ಸವಕ್ಕೆ ಇನ್ನೆರಡೇ ದಿನಗಳಿರುವಾಗ, ಮುಂಬಯಿಯ ಬೀದಿಗಳಿಂದ ಬಹುಕಾಲದ ಒಬ್ಬ ಪರಿಚಿತರು ಮರೆಯಾದರು. ಕಪ್ಪು-ಹಳದಿ ಬಣ್ಣದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯ ಮಾತನ್ನು ಹೇಳುತ್ತಿದ್ದೇವೆ. ಅಂಥ ಕೊನೆಯ ಟ್ಯಾಕ್ಸಿಯು ತಾಡದೇವದ ಸಾರಿಗೆ ಕಚೇರಿಯಲ್ಲಿ ನೋಂದಣಿಯಾದದ್ದು ೨೦೦೩ರ ಅಕ್ಟೋಬರ್ ೨೯ರಂದು. ಟ್ಯಾಕ್ಸಿಗೆ ಇಪ್ಪತ್ತೇ ವರ್ಷ ಆಯುಸ್ಸೆಂಬ ಕಟ್ಟಳೆಯಿರುವುದರಿಂದ ಅದರ ಕಾಲ ಅಲ್ಲಿಗೆ ಮುಗಿಯಿತು.

ಆ ತಾಡದೇವಕ್ಕೂ ನಮ್ಮ ಗ್ರಾಂಟ್ ರೋಡಿಗೂ ನಡಿಗೆಯ ದೂರ. ಪತ್ರಿಕೆಯಲ್ಲಿ ಆ ಸುದ್ದಿಯನ್ನೋದಿದ ದಿನ ನಾವು ಅಣ್ಣತಮ್ಮಂದಿರು ಕಟ್ಟಡದ ಕೆಳಗಿಳಿದು ಹೋಗಿ, ಹಿತ್ತಿಲ ಕಡೆಯ ಗರಾಜಿನ ಬಾಗಿಲನ್ನು ತೆರೆದೆವು. ಅಲ್ಲಿ ತಾಡಪತ್ರಿಯ ಕೆಳಗೆ ಆ ಪದ್ಮಿನಿಯ ಹಿರಿಯಕ್ಕನೇ ನಿಂತಿದ್ದಳು. ನಮ್ಮ ತೀರ್ಥರೂಪರು ಎರಡನೆಯ ಕೈಯಲ್ಲಿ ಕೊಂಡಿದ್ದ ೧೯೬೬ರ ಫಿಯಾಟ್ ೧೧೦೦ ಡಿಲೈಟ್ ಅದು. ಬಾಗಿಲ ಕೆಳಗಿನ ಪಟ್ಟಿಯನ್ನು ಬೆರಳಿನಿಂದ ಒತ್ತಿದರೆ ತಗಡು ಹಪ್ಪಳದಂತೆ ಮುರಿದು ಬಿದ್ದಿತು. ಗುಜರಿಯವನಿಗೆ ಕೊಡುವುದೇ, ಉಳಿಸುವುದೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದ ನಮಗೆ, ಈ ಕಾರಿನ ಮೂಲವು ನಾವೆಣಿಸಿದಂತೆ ಇಟಲಿಯಲ್ಲಿ ಮಾತ್ರವಲ್ಲ, ಕನ್ನಡ ನಾಡಿನಲ್ಲಿಯೂ ಇದೆಯೆಂಬುದು ತಿಳಿದುಬಂದಿತು. ಅದನ್ನು ನಮ್ಮ ಕನ್ನಡ ಕುಟುಂಬಗಳ ಮುಂದಿಡುವುದೇ ಈ ಬರಹದ ಉದ್ದೇಶ.

ಗ್ರಾಂಟ್ ರೋಡಿಗೆ ಆ ಹೆಸರು ಬಂದದ್ದು ೧೮೩೫ರಿಂದ ೧೮೩೮ರ ವರೆಗೆ ಮುಂಬಯಿಯ ಗವರ್ನರರಾಗಿದ್ದ ಸರ್ ರಾಬರ್ಟ್ ಗ್ರಾಂಟರಿಂದ. ರಸ್ತೆಗೆ ಈಗ ಮೌಲಾನಾ ಶೌಕತ್ ಅಲಿಯವರ ಹೆಸರಿದ್ದರೂ, ರೈಲು ನಿಲ್ದಾಣದ ಹೆಸರು ಹಳೆಯದೇ. ಜನರ ಬಾಯಲ್ಲಿರುವುದೂ ಹಳೆಯದೇ. ಪಕ್ಕದ ಲ್ಯಾಮಿಂಗ್ಟನ್ ರೋಡು, ಆಪೆರಾ ಹೌಸಿನ ಸುತ್ತಮುತ್ತಲಿನ ಮೋಟಾರು ಬಿಡಿಭಾಗಗಳ ಅಂಗಡಿಗಳು, ಇನ್ನೊಂದು ದಿಕ್ಕಿನಲ್ಲಿ ಚೋರ್ ಬಜಾರು ಇವೆಲ್ಲ ಮೋಟಾರುಗಳ ಗೀಳು ಹಿಡಿದವರಿಗೆ ಚಿರಪರಿಚಿತ. ಊರಿನಿಂದ ಬಂದು, ಹೋಟೆಲಿನ ಗಲ್ಲಾದಲ್ಲಿ ಕುಳಿತು ನಾಲ್ಕು ಕಾಸು ಕೂಡಿಟ್ಟ ನಮ್ಮ ತೀರ್ಥರೂಪರಂಥವರಿಗೆ ಫಿಯಾಟು ಕಾರೆಂದರೆ ಬರಿಯ ವಾಹನವಲ್ಲ. ಹೊಸ ಕಾರಿಗೆ ಹೆಸರು ಬರೆಯಿಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ದಿನಗಳಲ್ಲಿ, ಹಳೆಯದೊಂದು ಕೈಗೆ ಬಂದರೂ ಅದು ಮುಂಬಯಿಯಲ್ಲಿ ನೆಲೆಯೂರಿದೆವೆಂಬುದರ ಗುರುತು.

ಇನ್ನು ಇತಿಹಾಸದ ಮಾತು. ನಮ್ಮ ದೇಶದಲ್ಲಿ ಮೋಟಾರುಗಳು ಓಡಾಡುತ್ತಿದ್ದರೂ ಬಹುಕಾಲ ಅವು ಇಲ್ಲಿ ತಯಾರಾಗುತ್ತಿರಲಿಲ್ಲ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯು ೧೯೨೮ರಲ್ಲಿ ಮುಂಬಯಿಯಲ್ಲಿ ಕೆಲಸ ತೊಡಗಿತು. ಆದರೆ ಅದು ಹಡಗಿನಲ್ಲಿ ಬಂದ ಭಾಗಗಳನ್ನು ಜೋಡಿಸುವ ಕೆಲಸ ಮಾತ್ರ. ಇದನ್ನು ಕಂಡು ಸುಮ್ಮನಿರಲಾರದವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ೧೮೮೪ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ಅವರು, ಊರು ಬಿಟ್ಟು ಈ ಪ್ರಾಂತದಲ್ಲಿ ದುಡಿದ ಕನ್ನಡಿಗರ ಪಂಕ್ತಿಯಲ್ಲಿ ಹಿರಿಯರು. ಮೈಸೂರಿನ ದಿವಾನಗಿರಿಯನ್ನು ಬಿಟ್ಟ ಎಷ್ಟೋ ವರ್ಷಗಳ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ೧೯೩೫ರಲ್ಲಿ ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದರು. ಮರುವರ್ಷವೇ ಮುಂಬಯಿಯಲ್ಲಿ ಮೋಟಾರು ಕಾರ್ಖಾನೆಯನ್ನು ಸ್ಥಾಪಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು.

ಈ ಯೋಜನೆಯನ್ನು ಕೈಗೆತ್ತಿಕೊಂಡವರು ಸೇಠ್ ವಾಲಚಂದ ಹೀರಾಚಂದರು. ಇವರು ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ಸೊಲ್ಲಾಪುರದವರು. ಸಿಂಧಿಯಾ ಹಡಗು ಕಂಪನಿಯನ್ನು ಕಟ್ಟಿ ಬ್ರಿಟಿಷರಿಗೆ ಸೆಡ್ಡು ಹೊಡೆದ ಸಾಹಸಿ. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲವು ಯೋಜನೆಗೆ ಬೆಂಬಲ ತೋರಿಸಿತಾದರೂ ೧೯೩೯ರಲ್ಲಿ ಆ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ೧೯೪೦ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದವೇನೋ ಆಯಿತು. ಮೈಸೂರು ಸಂಸ್ಥಾನವೂ ಕೈಜೋಡಿಸಲು ಮುಂದೆ ಬಂದಿತು. ಆದರೆ ಭಾರತ ಸರ್ಕಾರವು ಇದನ್ನು ಯುದ್ಧಕಾಲಕ್ಕೆ ಬೇಕಾದ ಉದ್ಯಮವೆಂದು ಮಾನ್ಯ ಮಾಡಲಿಲ್ಲ. ಮೋಟಾರು ಕೈತಪ್ಪಿದರೂ ವಾಲಚಂದರು ಸುಮ್ಮನಾಗಲಿಲ್ಲ. ಅದೇ ೧೯೪೦ರ ಡಿಸೆಂಬರಿನಲ್ಲಿ, ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು. ಕಾರಿಗಾಗಿ ಹೊರಟವರಿಂದ ಕನ್ನಡ ನಾಡಿಗೆ ವಿಮಾನವೇ ದೊರೆತಂತಾಯಿತು!

ಕಡೆಗೆ ೧೯೪೪ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯು ಸ್ಥಾಪನೆಯಾಗಿ, ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು. ಸ್ವಾತಂತ್ರ್ಯ ಬಂದ ವರ್ಷ ಕ್ರೈಸ್ಲರ್ ವಾಹನಗಳು ಅಲ್ಲಿಂದ ಹೊರಬಂದವು. ಆಮೇಲೆ ಇಟಲಿಯ ಫಿಯಾಟ್ ಕಂಪನಿಯೊಡನೆ ಸಂಬಂಧ ಬೆಳೆಯಿತು. ಬರಿಯ ಜೋಡಣೆಗೆ ಇನ್ನು ಎಡೆಯಿಲ್ಲ, ಭಾಗಗಳನ್ನು ಇಲ್ಲಿಯೇ ತಯಾರಿಸಬೇಕು ಎಂಬ ನೀತಿಯನ್ನು ಸರ್ಕಾರ ೧೯೫೩ರಲ್ಲಿ ತಂದಾಗ ಪರದೇಶದ ದೊಡ್ಡ ಕಂಪನಿಗಳು ಗಂಟುಮೂಟೆ ಕಟ್ಟಿದವು. ಕುರ್ಲಾದವರು ಉಳಿದರು. ೧೯೫೪ರಲ್ಲಿ ಅಲ್ಲಿ ಫಿಯಾಟ್ ೧೧೦೦ ಆರಂಭವಾಯಿತು. ೧೯೬೪ರಲ್ಲಿ ಡಿಲೈಟ್ ಬಂದಿತು. ಅದೇ ಮುಂದೆ ಹೆಸರು ಬದಲಿಸಿ 'ಪ್ರೆಸಿಡೆಂಟ್' ಆಗಿ, ೧೯೭೪ರಿಂದ 'ಪದ್ಮಿನಿ'ಯಾಗಿ, ಈ ಶತಮಾನದ ಹೊಸ್ತಿಲವರೆಗೂ ಬಾಳಿತು. ವಾಲಚಂದರು ೧೯೫೩ರಲ್ಲಿಯೇ ತೀರಿಕೊಂಡಿದ್ದರು. ವಿಶ್ವೇಶ್ವರಯ್ಯನವರು ನೂರು ವರ್ಷ ತುಂಬಿ, ೧೯೬೨ರ ಏಪ್ರಿಲಿನಲ್ಲಿ ಕಣ್ಣು ಮುಚ್ಚುವ ಹೊತ್ತಿಗೆ, ಕುರ್ಲಾದ ಕಾರುಗಳು ಮುಂಬಯಿಯ ಬೀದಿಬೀದಿಯಲ್ಲಿ ಓಡುತ್ತಿದ್ದವು.

ಇಷ್ಟನ್ನು ತಿಳಿದ ಮೇಲೆ ಗುಜರಿಯ ಮಾತು ನಮ್ಮ ಮನೆಯಲ್ಲಿ ಏಳಲಿಲ್ಲ. ಆದರೆ ಉಳಿಸುವುದು ಹೇಗೆ?

ಹಳೆಯ ಕಾಲದ ಕಾರುಗಳಿಗೆ ಕೆಳಗೊಂದು ಗಟ್ಟಿ ಚೌಕಟ್ಟು, ಅದರ ಮೇಲೆ ಬೇರೆಯಾಗಿ ಕೂರಿಸಿದ ಮೈ. ಫಿಯಾಟ್ ೧೧೦೦ರಲ್ಲಿ ಹಾಗಿಲ್ಲ. ಅದರ ತಗಡಿನ ಮೈಯೇ ಚೌಕಟ್ಟು. ನೆಲ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಕಂಬ, ಛಾವಣಿ ಎಲ್ಲವೂ ಬೆಸೆದು ಒಂದೇ ಆಗಿವೆ. ಆದುದರಿಂದ ತುಕ್ಕು ಹಿಡಿದರೆ ಅಂದ ಕೆಡುವುದಷ್ಟೇ ಅಲ್ಲ, ಬೆನ್ನೆಲುಬೇ ಸೊರಗುತ್ತದೆ. ಮುಂಬಯಿಯ ಮಳೆಯೂ ಸಮುದ್ರದ ಉಪ್ಪು ಗಾಳಿಯೂ ಮೊದಲು ಹೊಕ್ಕುವುದು ನೀರು ನಿಲ್ಲುವ ಈ ಟೊಳ್ಳುಗಳಿಗೇ.

ನಮ್ಮ ಪೈಕಿ ಕಿರಿಯನ ವಾದ ಹೀಗಿತ್ತು: 'ಕೆಟ್ಟದ್ದನ್ನೆಲ್ಲ ಕತ್ತರಿಸಿ, ಇನ್ನೊಂದು ಕಾರಿನ ಅರ್ಧ ಮೈಯನ್ನು ತಂದು ಬೆಸೆದುಬಿಡೋಣ.' ಹಿರಿಯರಿಗೆ ಅದು ಒಪ್ಪಿಗೆಯಾಗಲಿಲ್ಲ. ಕಾನೂನೂ ಹಿರಿಯರ ಪಕ್ಷವನ್ನೇ ಹಿಡಿಯಿತು. ೨೦೨೧ರಲ್ಲಿ ಕೇಂದ್ರ ಸರ್ಕಾರವು ಐವತ್ತು ವರ್ಷ ಮೀರಿದ ಪುರಾತನ ವಾಹನಗಳಿಗೆಂದೇ ನಿಯಮ ಮಾಡಿ, 'ವಿ ಎ' ಎಂಬ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿದೆ. ಮೊದಲ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ. ಅದಕ್ಕೆ ಹತ್ತು ವರ್ಷದ ಅವಧಿ. ಅಂಥ ವಾಹನವನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ; ಪ್ರದರ್ಶನ, ರ್ಯಾಲಿಗಳಿಗೆ ತೆಗೆಯಬಹುದು. ಮುಖ್ಯ ಷರತ್ತೆಂದರೆ ವಾಹನವು ಮೂಲ ರೂಪದಲ್ಲಿಯೇ ಇರಬೇಕು, ಚೌಕಟ್ಟು, ಮೈ, ಎಂಜಿನುಗಳನ್ನು ಗಣನೀಯವಾಗಿ ಮಾರ್ಪಡಿಸಿರಬಾರದು.

ಹೀಗಾಗಿ ತೇಪೆಯ ದಾರಿಯನ್ನೇ ಹಿಡಿದೆವು. ತಗಡಿನ ಕೆಲಸದಲ್ಲಿ ಐವತ್ತು ವರ್ಷ ಸವೆಸಿದ ಒಬ್ಬ ಚಾಚಾ ದೊರೆತರು. ಭಾನುವಾರ ಬೆಳಿಗ್ಗೆ ಅವರು ಬಂದು ಕುಳಿತರೆ ನಾವು ಸುತ್ತಿಗೆ ಹಿಡಿಯುವ ಶಿಷ್ಯರು. ಮೊದಲು ಬಣ್ಣ ಕೆರೆದೆವು. ಹಿಂದಿನ ಎಡ ಮಡಗಾರ್ಡಿನ ಮೇಲೆ ಬಣ್ಣದಡಿ ಬೆರಳು ದಪ್ಪದ ಪುಟ್ಟಿ ಕಂಡಿತು. ಹಿಂದೊಮ್ಮೆ ರಿಪೇರಿಗೆ ಕೊಟ್ಟಿದ್ದಾಗ ಯಾರೋ ತೂತನ್ನು ಬೆಸೆಯದೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಬಳಿದಿದ್ದರು. ಪುಟ್ಟಿಯ ಹಿಂದೆ ತೇವ ಸೇರಿ, ಅಂಗೈಯಗಲದ ತೂತು ಮೊಳದಷ್ಟಾಗಿತ್ತು. ತೀರ್ಥರೂಪರು ಆ ಹೊಳಪನ್ನು ನೋಡಿ ಸಂತೋಷಪಟ್ಟು ಪೂರ್ತಿ ಹಣ ಕೊಟ್ಟದ್ದು ನಮಗೆ ನೆನಪಿದೆ. ಚಾಚಾ ಅದನ್ನು ತೋರಿಸಿ, 'ತುಕ್ಕನ್ನು ಮುಚ್ಚಿದರೆ ಅದು ಒಳಗೊಳಗೇ ಮನೆ ಕಟ್ಟುತ್ತದೆ' ಎಂದರು.

ಆಮೇಲಿನ ಕೆಲಸ ತಾಳ್ಮೆಯದು. ರಟ್ಟಿನಲ್ಲಿ ಅಚ್ಚು ತೆಗೆದು, ೨೦ ಗೇಜಿನ ತಗಡನ್ನು ಅದಕ್ಕೆ ಸರಿಯಾಗಿ ಕತ್ತರಿಸಿ, ಹಿಂದುಗಡೆ ಉಕ್ಕಿನ ಡಾಲಿಯನ್ನು ಒತ್ತಿಹಿಡಿದು ಮುಂದಿನಿಂದ ಸುತ್ತಿಗೆಯ ಹಗುರ ಪೆಟ್ಟುಗಳಿಂದ ಉಬ್ಬು ತರಬೇಕು. ಪೆಟ್ಟು ಹೆಚ್ಚಾಯಿತೋ, ತಗಡು ಹಿಗ್ಗಿ ಡಬ್ಬದಂತೆ ಟಕ್ಕೆನ್ನುತ್ತದೆ. ಆಗ ಆ ಜಾಗವನ್ನು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ಸುತ್ತಲೂ ಬಡಿದು, ಒದ್ದೆ ಬಟ್ಟೆಯಿಂದ ತಣಿಸಿದರೆ ತಗಡು ಮತ್ತೆ ಕುಗ್ಗುತ್ತದೆ. ಬೆಸುಗೆಯನ್ನೂ ಒಂದೇ ಸಮನೆ ಎಳೆಯುವಂತಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಟ್ಟು ಆರಲು ಬಿಡಬೇಕು, ಇಲ್ಲವಾದರೆ ಕಾವಿಗೆ ಇಡೀ ತಗಡು ಸೊಟ್ಟಗಾಗುವುದು. ಬಾಗಿಲ ಕೆಳಗಿನ ಪಟ್ಟಿಯನ್ನು ಕತ್ತರಿಸುವ ಮೊದಲು ಮೈ ಕುಸಿಯದಂತೆ ಒಳಗೆ ಕಬ್ಬಿಣದ ಅಡ್ಡಪಟ್ಟಿಗಳನ್ನು ಕೊಟ್ಟು, ಬಾಗಿಲುಗಳ ಸಂದು ಹಾಳಾಗದಂತೆ ಅಳೆದಳೆದು ನಡೆದೆವು. ರಬ್ಬರು ಪಟ್ಟಿ, ಹಿಡಿ, ದೀಪದ ಬಳೆಗಳಿಗಾಗಿ ಚೋರ್ ಬಜಾರಿನಲ್ಲಿ ಅಲೆದ ಶುಕ್ರವಾರಗಳಿಗೆ ಲೆಕ್ಕವಿಲ್ಲ.

ಬಣ್ಣ ಕೆರೆಯುವಾಗ ಇನ್ನೊಂದು ಸೋಜಿಗ. ಮೇಲೆ ಬಿಳಿ, ಅದರಡಿ ಹಸಿರು, ತಳದಲ್ಲಿ ತಿಳಿ ಬೂದು. ಅಮ್ಮನನ್ನು ಕೆಳಗೆ ಕರೆತಂದು ತೋರಿಸಿದೆವು. ಅವರು ಹಸಿರಿನ ಮೇಲೆ ಕೈಯಾಡಿಸಿ, 'ನಾವು ಮೊದಲ ಸಲ ಚೌಪಾಟಿಗೆ ಹೋದದ್ದು ಈ ಬಣ್ಣದಲ್ಲಿ' ಎಂದರು. ತಳದ ಬೂದು ಬಣ್ಣವನ್ನೇ ಬಳಿಯಬೇಕೆಂದಿದ್ದ ನಮಗೆ ಆಮೇಲೆ ಬಾಯಿ ಬರಲಿಲ್ಲ. ಕಾರಿಗೆ ಬೂದು ಬಣ್ಣವನ್ನೇ ಕೊಡುವೆವು. ಡಿಕ್ಕಿಯ ಒಳಮೈಯಲ್ಲಿ ಒಂದು ಗೇಣು ಹಸಿರನ್ನು ಹಾಗೆಯೇ ಬಿಟ್ಟಿದ್ದೇವೆ.

ನಮ್ಮ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಮಾತು ನಡೆದಿದೆ. ಹೊಸ ನಕ್ಷೆಯಲ್ಲಿ ಈ ಗರಾಜಿಗೆ ಜಾಗವಿಲ್ಲ. ಚಾಚಾರ ಮಕ್ಕಳು ಯಾರೂ ಸುತ್ತಿಗೆ ಹಿಡಿದಿಲ್ಲ. ಇಂದಿನ ಕಾರುಗಳಿಗೆ ಮಡಗಾರ್ಡನ್ನೇ ಬಿಚ್ಚಿ ಹೊಸದು ಹಾಕುವರೇ ಹೊರತು ತಟ್ಟಿ ತಿದ್ದುವವರು ಕಡಿಮೆ. ಆದುದರಿಂದ ವಾಚಕರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಯಲ್ಲಿಯೂ ಹಿರಿಯರ ಒಂದು ಹಳೆಯ ವಾಹನವೋ, ಯಂತ್ರವೋ, ಹೋಟೆಲಿನ ಹಿತ್ತಾಳೆಯ ಪಾತ್ರೆಯೋ ಇದ್ದರೆ, ಮಾರುವ ಮೊದಲು ಅದು ಎಲ್ಲಿಂದ ಬಂತೆಂದು ಒಂದಿಷ್ಟು ವಿಚಾರಿಸಿರಿ. ಅದನ್ನು ತಿದ್ದಬಲ್ಲ ಕೈಗಳಿರುವಾಗಲೇ ಮಕ್ಕಳನ್ನು ಆ ಕೈಗಳ ಪಕ್ಕ ಕೂರಿಸಿರಿ.

ನಮ್ಮ ಮನೆಯ ಮೊಮ್ಮಗಳು ಶಾಲೆಯಲ್ಲಿ ವಿಶ್ವೇಶ್ವರಯ್ಯನವರೆಂದರೆ ಕನ್ನಂಬಾಡಿ ಕಟ್ಟೆಯೆಂದು ಓದಿದ್ದಾಳೆ. ಈಗ ಗೆಳತಿಯರಿಗೆ, 'ನಮ್ಮ ಕಾರೂ ಅವರದೇ' ಎಂದು ಹೇಳುತ್ತಾಳಂತೆ. ಅದು ಪೂರ್ತಿ ನಿಜವಲ್ಲ. ಪೂರ್ತಿ ಸುಳ್ಳೂ ಅಲ್ಲವೆಂದು ನಾವು ತಿದ್ದಲು ಹೋಗಿಲ್ಲ. ಎಡಗಡೆಯ ಮುಂಬಾಗಿಲಿನ ಕೆಲಸ ಇನ್ನೂ ಬಾಕಿಯಿದೆ. ಬರುವ ಭಾನುವಾರ ಚಾಚಾ ಬರುವುದಾಗಿ ಹೇಳಿದ್ದಾರೆ.