ಮಾಲ್ಟಾ: ಪುಟ್ಟ ನಾಡು, ದೀರ್ಘ ಚರಿತ್ರೆ



ಭೂಪಟದಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ಗಮನಿಸಿ. ಇಟಲಿಯ ಸಿಸಿಲಿ ದ್ವೀಪದ ದಕ್ಷಿಣಕ್ಕೆ ಸಣ್ಣ ಚುಕ್ಕೆಗಳಂತೆ ಕಾಣುವ ದ್ವೀಪಗಳೇ ಮಾಲ್ಟಾ ದೇಶ. ಅದರ ವಿಸ್ತೀರ್ಣ ಕೇವಲ 316 ಚದರ ಕಿಲೋಮೀಟರ್. ಅಲ್ಲಿ ದೊಡ್ಡ ನದಿಯಿಲ್ಲ, ಪರ್ವತವಿಲ್ಲ. ಆದರೂ ವರ್ಷಂಪ್ರತಿ ಅಲ್ಲಿಗೆ ಬರುವ ಪ್ರವಾಸಿಗರು ಆ ದೇಶದ ಜನಸಂಖ್ಯೆಗಿಂತ ಹಲವು ಪಟ್ಟು ಹೆಚ್ಚು. ಬಿಸಿಲು, ಕಡಲು ಇತರ ಕಡೆಗಳಲ್ಲೂ ಇವೆ. ಮಾಲ್ಟಾದ ವಿಶೇಷವೇನು?

ಅಲ್ಲಿ ಒಂದೆರಡು ದಿನಗಳಲ್ಲೇ ಐದು ಸಾವಿರ ವರ್ಷಗಳನ್ನು ಸುತ್ತಿ ಬರಬಹುದು. ಗೋಜೋ ದ್ವೀಪದ ಜ್ಗಾಂತಿಯಾ ಶಿಲಾ ದೇಗುಲಗಳು ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯವು. ಸಮುದ್ರದ ನಡುವೆ ಸುರಕ್ಷಿತ ಬಂದರುಗಳಿದ್ದುದರಿಂದ ಫಿನೀಷಿಯನ್ನರು, ರೋಮನ್ನರು, ಅರಬರು, ನಾರ್ಮನ್ನರು ಒಬ್ಬರ ನಂತರ ಒಬ್ಬರು ಬಂದರು. 1530ರಲ್ಲಿ ಸಂತ ಜಾನ್ ಪಂಥದ ಯೋಧರು ನೆಲೆಸಿದರು. 1565ರಲ್ಲಿ ಆಟೋಮನ್ ತುರ್ಕರ ಮುತ್ತಿಗೆಯನ್ನು ಎದುರಿಸಿ ಗೆದ್ದು, ಮರುವರ್ಷ ವಲೆಟ್ಟಾ ನಗರಕ್ಕೆ ಅಡಿಪಾಯ ಹಾಕಿದರು. 1798ರಲ್ಲಿ ನೆಪೋಲಿಯನ್ ಬಂದ, ಬಳಿಕ ಬ್ರಿಟಿಷರು. ಮಾಲ್ಟಾ ಸ್ವತಂತ್ರವಾದದ್ದು 1964ರಲ್ಲಿ.

ಬಂದವರೆಲ್ಲ ಕೋಟೆಗಳನ್ನಷ್ಟೇ ಬಿಟ್ಟುಹೋಗಲಿಲ್ಲ. ಅಲ್ಲಿನ ಜನರ ಮಾತನ್ನು ಕೇಳಿ. ಮಾಲ್ಟೀ ಭಾಷೆಯ ಮೂಲ ಅರಬ್ಬೀ, ಲಿಪಿ ರೋಮನ್, ಇಟಾಲಿಯನ್ ಪದಗಳು ಹೇರಳ. ಬಹುಪಾಲು ಕ್ಯಾಥೊಲಿಕ್ ಕ್ರೈಸ್ತರಾದ ಈ ಜನ ದೇವರನ್ನು ಕರೆಯುವುದು ‘ಅಲ್ಲಾ’ ಎಂದೇ! ಪಠ್ಯಪುಸ್ತಕದ ಹತ್ತು ಪುಟಗಳು ಹೇಳುವುದನ್ನು ಈ ಒಂದು ಪದ ಹೇಳುತ್ತದೆ. ಪ್ರವಾಸಿಗೆ ಸಿಗುವ ಸಂತೋಷ ಇದೇ: ಓದಿದ ಚರಿತ್ರೆ ಕಣ್ಣಿಗೆ ಕಾಣುತ್ತದೆ, ಕಿವಿಗೂ ಕೇಳುತ್ತದೆ.

ಆದರೆ ಈ ಸಂತೋಷಕ್ಕೆ ಬೆಲೆಯೂ ಇದೆ. 1902ರಲ್ಲಿ ಕೆಲಸಗಾರರು ನೆಲ ಅಗೆಯುತ್ತಿದ್ದಾಗ ಹಾಲ್ ಸಫ್ಲಿಯೇನಿ ಎಂಬ ಪ್ರಾಚೀನ ಭೂಗತ ಸಮಾಧಿ ಬೆಳಕಿಗೆ ಬಂತು. ಬಂಡೆಯನ್ನು ಕೊರೆದು ಮಾಡಿದ ಅದರ ಕೋಣೆಗಳ ಚಾವಣಿಯಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಸಾವಿರಾರು ವರ್ಷ ಉಳಿದ ಆ ಬಣ್ಣಕ್ಕೆ ನೋಡಲು ಬಂದವರ ಉಸಿರೇ ಅಪಾಯವಾಯಿತು. ಆದ್ದರಿಂದ ಈಗ ಗಂಟೆಗೆ ಕೆಲವರಿಗೆ ಮಾತ್ರ ಪ್ರವೇಶ.

ಹಣ ತರುವ ಅತಿಥಿಯನ್ನು ಬಾಗಿಲಲ್ಲಿ ತಡೆಯುವುದು ಪ್ರವಾಸವನ್ನು ನೆಚ್ಚಿದ ಪುಟ್ಟ ದೇಶಕ್ಕೆ ಸುಲಭವಲ್ಲ. ಆದರೂ ಅದು ತಡೆದಿದೆ, ನಾಳೆ ಬರುವವರಿಗೂ ನೋಡಲು ಉಳಿದಿರಲೆಂದು. ಮುಂದಿನ ಬಾರಿ ಯಾವುದೇ ಪ್ರಾಚೀನ ಸ್ಮಾರಕದ ಗೋಡೆಯನ್ನು ಮುಟ್ಟಲು ಕೈಚಾಚುವ ಮುನ್ನ ನೀವೂ ಇದನ್ನು ನೆನೆಯುವಿರಲ್ಲವೇ?