ಚಿರಂಜೀವಿಗೆ ಕೊಟ್ಟ ಸಾವು: ಹೋಮರ್, ಏಜಾಕ್ಸ್ ಮತ್ತು ಬಿ.ಎಂ.ಶ್ರೀ

ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ, ಶ್ರೀರಂಗಪಟ್ಟಣದಲ್ಲಿ ಓದು ಆರಂಭಿಸಿದ ಬಿ.ಎಂ.ಶ್ರೀಕಂಠಯ್ಯನವರ 'ಅಶ್ವತ್ಥಾಮನ್' (1929) ನಾಟಕಕ್ಕೆ ಸಾಫೊಕ್ಲಿಸನ 'ಏಜಾಕ್ಸ್' ಆಧಾರವೆಂಬುದು ತಿಳಿದ ವಿಷಯ. ಆ ಏಜಾಕ್ಸ್ ಹೋಮರನ ಕಾವ್ಯಲೋಕದವನು. ಅಲ್ಲಿಂದ ನೋಡಿದರೆ, ವ್ಯಾಸಭಾರತ ಸಾಯಗೊಡದ ಅಶ್ವತ್ಥಾಮನಿಗೆ ಬಿ.ಎಂ.ಶ್ರೀ ಏಕೆ ಸಾವು ಕೊಟ್ಟರೆಂಬುದು ತಿಳಿಯಾಗುತ್ತದೆ.

ಹೋಮರನಲ್ಲಿ ಸಾವು ಮೊದಲು ಬದಲಿಸುವುದು ಉಳಿದವರನ್ನು. 'ಇಲಿಯಡ್'ನ 21ನೆಯ ಸರ್ಗದಲ್ಲಿ ಟ್ರಾಯ್ ರಾಜಕುಮಾರ ಲೈಕೇಯಾನ್ ಅಕಿಲೀಸನ ಮೊಣಕಾಲು ಹಿಡಿದು ಪ್ರಾಣ ಬೇಡುತ್ತಾನೆ. ಹಿಂದೊಮ್ಮೆ ಇದೇ ಅಕಿಲೀಸ್ ಅವನನ್ನು ಸೆರೆಹಿಡಿದು ಮಾರಿದ್ದ, ಕೊಂದಿರಲಿಲ್ಲ. ಗೆಳೆಯ ಪೆಟ್ರೋಕ್ಲಸ್ ಸತ್ತ ಮೇಲೆ ಆ ದಯೆ ಉಳಿದಿಲ್ಲ. ತನಗೂ ಸಾವು ಕಾದಿದೆ ಎಂದು ಹೇಳಿಯೇ ಕೊಲ್ಲುತ್ತಾನೆ. ಮಗ ಹೆಕ್ಟರನನ್ನು ಕೊಂದ ಆ ಕೈಗಳಿಗೆ 24ನೆಯ ಸರ್ಗದಲ್ಲಿ ಮುದುಕ ಪ್ರಿಯಾಮ್ ಮುತ್ತಿಡುತ್ತಾನೆ. ಇಬ್ಬರೂ ಅಳುತ್ತಾರೆ, ಶವ ತಂದೆಯ ಪಾಲಾಗುತ್ತದೆ.

'ಒಡಿಸ್ಸಿ'ಯ 11ನೆಯ ಸರ್ಗದಲ್ಲಿ ಸತ್ತವರೇ ಎದುರಾಗುತ್ತಾರೆ. ಕೀರ್ತಿಗಾಗಿ ಅಲ್ಪಾಯುಸ್ಸನ್ನು ಒಪ್ಪಿದ್ದ ಅಕಿಲೀಸನಿಗೆ ಈಗ ಬಡವನ ಮನೆಯ ಕೂಲಿಯೂ ಪ್ರೇತಲೋಕದ ದೊರೆತನಕ್ಕಿಂತ ಮೇಲಾಗಿ ಕಾಣುತ್ತದೆ. ಏಜಾಕ್ಸ್ ಮಾತ್ರ ಕರಗುವುದಿಲ್ಲ. ಅಕಿಲೀಸನ ಆಯುಧಗಳ ವ್ಯಾಜ್ಯದಲ್ಲಿ ತನ್ನನ್ನು ಸೋಲಿಸಿದ ಒಡಿಸ್ಯೂಸ್ ಎಷ್ಟು ಸಮಾಧಾನ ಹೇಳಿದರೂ ತುಟಿ ತೆರೆಯದೆ ಹೊರಟುಹೋಗುತ್ತಾನೆ. ಇಡೀ ಸರ್ಗದಲ್ಲಿ ನನ್ನನ್ನು ಬಹಳ ಕಾಡುವ ಪ್ರಸಂಗ ಇದು. ಸಾಫೊಕ್ಲಿಸನಲ್ಲಾದರೋ ತನ್ನನ್ನು ತಾನೇ ಕೊಂದುಕೊಂಡ ಏಜಾಕ್ಸನ ಶವದ ಸಂಸ್ಕಾರಕ್ಕಾಗಿ ವಾದಿಸುವವನು ಒಡಿಸ್ಯೂಸನೇ.

ಸಾವು ಉಳಿದವರಲ್ಲಿ ತರುವ ಈ ಬಗೆಯ ಪರಿವರ್ತನೆ ಕನ್ನಡಕ್ಕೆ ಹೊಸದಲ್ಲ. ರನ್ನನ ದುರ್ಯೋಧನ ರಣರಂಗದ ಹೆಣಗಳ ನಡುವೆ ನಡೆಯುತ್ತಾ ವೈರಿಯ ಮಗ ಅಭಿಮನ್ಯುವಿಗೆ ಕೈಮುಗಿಯುತ್ತಾನೆ, ಅಂಥ ಮರಣವನ್ನೇ ತನಗೂ ಬಯಸುತ್ತಾನೆ. ರನ್ನನ ಪದ್ಯಗಳನ್ನೇ ಜೋಡಿಸಿ 'ಗದಾಯುದ್ಧ ನಾಟಕಂ' ಕಟ್ಟಿದ್ದ ಬಿ.ಎಂ.ಶ್ರೀ ಅವರಿಗೆ ಇದು ಕರತಲಾಮಲಕ.

ಬಿ.ಎಂ.ಶ್ರೀ ಅವರ ಸೀಮೆಯಲ್ಲೇ ಪಾಂಡವಪುರದ ಕುಂತಿಬೆಟ್ಟಕ್ಕೆ ಪಾಂಡವರ ಐತಿಹ್ಯವಿದೆ, ಕೆ.ಆರ್.ಪೇಟೆ ತಾಲ್ಲೂಕಿನ ಹೊಸಹೊಳಲು ದೇಗುಲದ ಶಿಲ್ಪಪಟ್ಟಿಕೆಗಳಲ್ಲಿ ಭಾರತದ ಕಥೆಯಿದೆ. ಇಂಥ ಸೀಮೆಯಿಂದ ಬಂದವರು ಚಿರಂಜೀವಿಯನ್ನು ಸಾಯಿಸಿದ್ದು ತಿಳಿಯದೆ ಅಲ್ಲ. ವ್ಯಾಸರ ಅಶ್ವತ್ಥಾಮನಿಗೆ ಮಲಗಿದ್ದವರನ್ನು ಕೊಂದ ಪಾಪದ ಶಿಕ್ಷೆ ಕೃಷ್ಣನ ಶಾಪದಿಂದ ಬರುತ್ತದೆ, ಮೂರು ಸಾವಿರ ವರ್ಷದ ಅಲೆದಾಟವಾಗಿ. ಬಿ.ಎಂ.ಶ್ರೀ ಅವರ ಅಶ್ವತ್ಥಾಮ ತನಗೆ ತಾನೇ ತೀರ್ಪು ಕೊಟ್ಟುಕೊಂಡು ಸಾಯುತ್ತಾನೆ. ಕೊಲೆಗಡುಕ ರುದ್ರನಾಯಕನಾಗುವುದು ಅಲ್ಲಿ. ಮೂಲಕ್ಕೆ ಅಪಚಾರವಾಯಿತೆಂಬ ಆಕ್ಷೇಪ ಇದರ ಮುಂದೆ ನಿಲ್ಲದು. ನಾಟಕವನ್ನು 'ಒಡಿಸ್ಸಿ'ಯ 11ನೆಯ ಸರ್ಗದ ಜೊತೆಗಿಟ್ಟು ಓದಬೇಕೆಂದು ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ.