ಆರೇಳು ಅಕ್ಷರದ ಕೋಡ್: ನಮ್ಮ ಪಶ್ಚಿಮ ತಾಲ್ಲೂಕುಗಳ ಫೋನ್ ಶಾಲೆಯ ಕಥೆ

ಮನೆಯಲ್ಲಿ 2020ರ ನೋಟ್‌ಬುಕ್ ಇನ್ನೂ ಉಳಿದಿದ್ದರೆ ಅದರ ಹಿಂದಿನ ರಟ್ಟು ತಿರುವಿ ನೋಡಿ. ಮೂಲೆಯಲ್ಲೆಲ್ಲೋ ಪೆನ್ನಿನಲ್ಲಿ ಗೀಚಿದ ಆರೇಳು ಇಂಗ್ಲಿಷ್ ಅಕ್ಷರ, ನಡುವೆ ಒಂದೆರಡು ಅಂಕಿ ಸಿಕ್ಕರೂ ಸಿಗಬಹುದು. ಓದಿದರೆ ಯಾವ ಅರ್ಥವೂ ಬರುವುದಿಲ್ಲ. ಅದು ಗೂಗಲ್ ಕ್ಲಾಸ್‌ರೂಂ ಕೋಡ್. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಎಷ್ಟೋ ಹುಡುಗ ಹುಡುಗಿಯರಿಗೆ ಆ ವರ್ಷ ಕಾಲೇಜಿನ ಗೇಟು ಅಂದರೆ ಅದೇ ಆಗಿತ್ತು.

ಐದು ವರ್ಷದ ಹಿಂದಿನದು ಇತಿಹಾಸ ಹೇಗಾದೀತು ಅಂತ ಕೇಳಬಹುದು. ಕಲ್ಲೇಶ್ವರ ಗುಡಿಯ ಶಾಸನ ಸಾವಿರ ವರ್ಷ ನಿಲ್ಲುತ್ತದೆ. ಈ ಕೋಡಿನ ಹಿಂದಿದ್ದದ್ದು ಈಗಾಗಲೇ ಅಳಿಸಿಹೋಗುತ್ತಿದೆ. ಅದಕ್ಕೇ ಬರೆಯುತ್ತಿದ್ದೇವೆ.

ಕಥೆ ಶುರುವಾಗುವುದು ಗೂಗಲ್‌ನಿಂದಲ್ಲ. 1975ರ ಆಗಸ್ಟ್ 1ರಂದು ನಮ್ಮ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಉಪಗ್ರಹದ ಮೂಲಕ ಟಿ.ವಿ. ಪಾಠ ಶುರುವಾಯಿತು. ಹೆಸರು ಸೈಟ್. ಉಪಗ್ರಹ ಅಮೆರಿಕದ ನಾಸಾದ್ದು, ಇಲ್ಲಿ ನಡೆಸಿದ್ದು ಇಸ್ರೋ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರ ಮಂದಿಗೆ. ಕೋಳಿಗೂಡಿನ ತಂತಿ ಜಾಲರಿಯಿಂದ ಮಾಡಿದ ದೊಡ್ಡ ಕೊಡೆ, ಅದರ ಕೆಳಗೆ ಊರಿಗೊಂದೇ ಟಿ.ವಿ. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳನ್ನು. ಹಗರಿಬೊಮ್ಮನಹಳ್ಳಿ ಕಡೆಯ ಹಿನ್ನೀರಿನಾಚೆ ಕಾಣುವ ಕೊಪ್ಪಳ ಆಗ ರಾಯಚೂರು ಜಿಲ್ಲೆ. ಅಂದರೆ ಯೋಜನೆ ಹೊಳೆಯ ಆಚೆ ದಂಡೆಯ ಜಿಲ್ಲೆಗೆ ಬಂತು, ಈಚೆ ದಂಡೆಗೆ ಬರಲಿಲ್ಲ. ನಮ್ಮ ಭಾಗಕ್ಕೆ ಇದೇನು ಹೊಸದಲ್ಲ ಬಿಡಿ. 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಕಡೆ ಮುಖ ಮಾಡಿ ಕೂತವರು ನಾವು. ಆಮೇಲೆ ಬೆಂಗಳೂರಿನ ಕಡೆ ಮುಖ ತಿರುಗಿಸಿದೆವು.

ಸೈಟ್ ಒಂದೇ ವರ್ಷ ನಡೆಯಿತು. 1976ರ ಜುಲೈ 31ಕ್ಕೆ ಅವಧಿ ಮುಗಿದು ಉಪಗ್ರಹವನ್ನು ವಾಪಸ್ ತೆಗೆದುಕೊಂಡರು. ಎರವಲು ತಂದದ್ದು ತಾನೆ.

ಆಮೇಲೆ ನಮ್ಮ ಶಾಲೆಗಳಿಗೆ ಬಂದದ್ದು ರೇಡಿಯೊ. ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಬಾನುಲಿ ಪಾಠಗಳನ್ನು ಈಗ ಇಪ್ಪತ್ತು ದಾಟಿದ ಎಷ್ಟೋ ಮಂದಿ ಕೇಳಿರುತ್ತೀರಿ. ಮೇಷ್ಟ್ರು ಮೇಜಿನ ಮೇಲೆ ರೇಡಿಯೊ ಇಟ್ಟು, ಮಕ್ಕಳು ಅದು ಹೇಳಿದಂತೆ ಚಪ್ಪಾಳೆ ತಟ್ಟಿ ಉತ್ತರ ಕೂಗುತ್ತಿದ್ದರು. ರೇಡಿಯೊಗೆ ಅದು ಕೇಳಿಸುತ್ತಿರಲಿಲ್ಲ ಅನ್ನುವುದೊಂದೇ ಕೊರತೆ.

ಆ ಕೊರತೆಯನ್ನು ತುಂಬಲು ಹೊರಟವರಲ್ಲಿ ಒಬ್ಬರ ಕಥೆ ನಮ್ಮ ತಾಂಡಾದ ಮಕ್ಕಳ ಕಥೆಯನ್ನೇ ನೆನಪಿಸುತ್ತದೆ. ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಬೆಳೆದ ಮಾರ್ಟಿನ್ ಡೂಗಿಯಾಮಸ್ ಎಂಬ ಹುಡುಗನ ಮನೆ ಹತ್ತಿರ ಶಾಲೆಯೇ ಇರಲಿಲ್ಲ. ಪುಟ್ಟ ವಿಮಾನದಲ್ಲಿ ಪಾಠದ ಕಟ್ಟು ಬರುತ್ತಿತ್ತು, ರೇಡಿಯೊದಲ್ಲಿ ಮೇಷ್ಟ್ರ ದನಿ ಬರುತ್ತಿತ್ತು. ಆ ದೇಶದಲ್ಲಿ ಇಂಥ ‘ಗಾಳಿಯ ಶಾಲೆ’ 1951ರಲ್ಲೇ ಶುರುವಾಗಿತ್ತು. ಅದೇ ಹುಡುಗ ದೊಡ್ಡವನಾಗಿ 2002ರಲ್ಲಿ ಮೂಡಲ್ ಅನ್ನುವ ತರಗತಿ ತಂತ್ರಾಂಶವನ್ನು ಹೊರತಂದ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ತಮ್ಮದೇ ಕಂಪ್ಯೂಟರಿನಲ್ಲಿ ನಡೆಸಬಹುದು. ಆದರೆ ನಡೆಸಲು ಸರ್ವರ್ ಬೇಕು, ಅದನ್ನು ನೋಡಿಕೊಳ್ಳಲು ಗೊತ್ತಿದ್ದವರು ಬೇಕು. ಹಳ್ಳಿ ಕಾಲೇಜಿಗೆ ಕಷ್ಟವಾದದ್ದು ಅಲ್ಲೇ.

2014ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಕ್ಲಾಸ್‌ರೂಂ ಬಿಟ್ಟಿತು. ಮೊದಲು ಗೂಗಲ್ ಜೊತೆ ನೋಂದಣಿಯಾದ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಇತ್ತು. 2017ರಲ್ಲಿ ಜಿಮೇಲ್ ಇದ್ದವರೆಲ್ಲ ತರಗತಿ ತೆರೆಯಬಹುದು ಅಂತಾಯಿತು. ನಮ್ಮ ಮಟ್ಟಿಗೆ ನಿಜವಾದ ತಿರುವು ಇದೇ. ಸಂಸ್ಥೆಯ ಅನುಮತಿ ಬೇಡ, ಸರ್ವರ್ ಬೇಡ, ದುಡ್ಡು ಬೇಡ. ಅದಕ್ಕೂ ಸ್ವಲ್ಪ ಮೊದಲು, 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದಿತ್ತು. ಸರ್ಕಾರದ ದೀಕ್ಷಾ ವೇದಿಕೆ ಶುರುವಾದದ್ದೂ 2017ರ ಸೆಪ್ಟೆಂಬರ್ 5ಕ್ಕೆ. ಎಲ್ಲವೂ ಇತ್ತು. ಆದರೂ 2020ರ ಮಾರ್ಚ್‌ವರೆಗೆ ಕೊಟ್ಟೂರು ಜಾತ್ರೆಯಲ್ಲಿ ನಿಂತು ‘ಕ್ಲಾಸ್‌ರೂಂ’ ಅಂದಿದ್ದರೆ ಯಾರಾದರೂ ಶಾಲೆಯ ಕೋಣೆ ತೋರಿಸುತ್ತಿದ್ದರು, ಅಷ್ಟೆ.

ಮಾರ್ಚ್ ಮಧ್ಯದಲ್ಲಿ ಶಾಲೆ, ಕಾಲೇಜು ಮುಚ್ಚಿದವು. ಪದವಿ ಕಾಲೇಜುಗಳು ಮತ್ತೆ ತೆರೆದದ್ದು ನವೆಂಬರ್ 17ಕ್ಕೆ, ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ 2021ರ ಜನವರಿ 1ಕ್ಕೆ. ನಡುವಿನ ತಿಂಗಳುಗಳಲ್ಲಿ ಏನೇನಾಯಿತು ನೋಡಿ. ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಯನ್ನು ನಿಷೇಧಿಸಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಚಂದನ ವಾಹಿನಿಯಲ್ಲಿ ಪಾಠ ಬಂತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು: ಮೇಷ್ಟ್ರು ಗುಡಿ ಕಟ್ಟೆಗೆ, ಸಮುದಾಯ ಭವನಕ್ಕೆ, ಮರದ ನೆರಳಿಗೆ ಹೋಗಿ ಪಾಠ ಹೇಳಿದರು. ಅದರಲ್ಲಿ ಮಕ್ಕಳನ್ನು ಗುಂಪು ಮಾಡಿದ ರೀತಿಯನ್ನು ಯಾರೂ ಮರೆಯಬಾರದು. ಫೋನೇ ಇಲ್ಲದವರು, ಇಂಟರ್‌ನೆಟ್ ಇಲ್ಲದ ಫೋನ್ ಇದ್ದವರು, ಸ್ಮಾರ್ಟ್‌ಫೋನ್ ಇದ್ದವರು. ಊರಲ್ಲಿ ಇದ್ದ ಭೇದಗಳು ಸಾಲದೆಂಬಂತೆ ಇನ್ನೊಂದು. ಆದರೆ ಆ ಪಟ್ಟಿ ಸುಳ್ಳು ಹೇಳಲಿಲ್ಲ ಅನ್ನುವುದೂ ಖರೆ. ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ಅದನ್ನೂ ನಿಲ್ಲಿಸಿದರು.

ಕ್ಲಾಸ್‌ರೂಂ ಕೋಡ್ ಹೆಚ್ಚಾಗಿ ಓಡಾಡಿದ್ದು ಪಿಯುಸಿ, ಡಿಗ್ರಿ, ಬಿ.ಇಡಿ. ಮಕ್ಕಳ ನಡುವೆ. ನೇರಪ್ರಸಾರದ ಪಾಠಕ್ಕೆ ಎಲ್ಲರೂ ಮುಗಿಬಿದ್ದರು. ನಮ್ಮ ಕಡೆ ಅದು ನಡೆಯಲಿಲ್ಲ, ನಡೆಯುವಂತೆಯೂ ಇರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಪಾಠ, ಫೋನ್ ಮಾತ್ರ ಅಪ್ಪನ ಜೇಬಿನಲ್ಲಿ ಮೆಕ್ಕೆಜೋಳದ ಹೊಲದಲ್ಲಿ. ಗುಡೇಕೋಟೆ ಕಡೆಯ ಗುಡ್ಡದ ಊರುಗಳಲ್ಲಿ ಸಿಗ್ನಲ್ ಹುಡುಕಿ ನೀರಿನ ಟ್ಯಾಂಕ್ ಹತ್ತಬೇಕು. ಕ್ಲಾಸ್‌ರೂಂನದ್ದು ಬೇರೆ ಲೆಕ್ಕ. ಮೇಷ್ಟ್ರು ನೋಟ್ಸ್ ಹಾಕಿ ಹೋಗುತ್ತಾರೆ, ಅಪ್ಪ ಮನೆಗೆ ಬಂದ ಮೇಲೆ ರಾತ್ರಿ ಒಂಬತ್ತಕ್ಕೆ ತೆರೆದರೂ ಅದು ಅಲ್ಲೇ ಇರುತ್ತದೆ. ಬರೆದದ್ದನ್ನು ಫೋಟೊ ಹೊಡೆದು ಸಲ್ಲಿಸಿದರೆ ಮುಗಿಯಿತು.

ಇನ್ನೊಂದು ಲಾಭವನ್ನು ನಮಗೆ ಹೇಳಿದ್ದು ಡಿಗ್ರಿ ಓದುತ್ತಿದ್ದ ಹುಡುಗಿಯರು. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿದರೆ ನಂಬರ್ ಎಲ್ಲರಿಗೂ ಕಾಣುತ್ತದೆ. ಮರುದಿನದಿಂದ ಗುರುತಿಲ್ಲದವರ ‘ಹಾಯ್’ ಶುರು. ಅದು ಮನೆಯಲ್ಲಿ ಗೊತ್ತಾದರೆ ಫೋನೂ ಹೋಯಿತು, ಓದೂ ಹೋಯಿತು. ಕ್ಲಾಸ್‌ರೂಂನಲ್ಲಿ ಹೆಸರು ಕಾಣುತ್ತದೆ, ನಂಬರ್ ಕಾಣುವುದಿಲ್ಲ. ಪೇಟೆಯಲ್ಲಿ ಕೂತವರಿಗೆ ಇದು ಸಣ್ಣದು ಅನ್ನಿಸಬಹುದು.

ಫಜೀತಿಗಳಿಗೆ ಕೊರತೆ ಇರಲಿಲ್ಲ. “ಸರ್, ಕೋಡ್ ಹಾಕೀನ್ರೀ, ಒಳಗ ಬಿಡವಲ್ದು” ಅಂತ ಎಷ್ಟು ಕರೆಗಳೋ. ಸೊನ್ನೆಯೋ ‘ಓ’ ಅಕ್ಷರವೋ ಅನ್ನುವುದರಲ್ಲೇ ವಾರ ಕಳೆದವರಿದ್ದರು. ಅದಕ್ಕಿಂತ ದೊಡ್ಡ ಕಾಟ ನುಡಿ ಫಾಂಟಿನದು. ಉಪನ್ಯಾಸಕರು ವರ್ಷಗಟ್ಟಲೆ ಹಳೆಯ ನುಡಿಯಲ್ಲಿ ಟೈಪ್ ಮಾಡಿಟ್ಟ ಕನ್ನಡ ನೋಟ್ಸ್ ಫೋನಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಚಿಹ್ನೆಗಳ ರಾಶಿ. ಪಿಡಿಎಫ್ ಮಾಡಿ ಹಾಕಬೇಕು, ಇಲ್ಲವೇ ಯೂನಿಕೋಡ್‌ಗೆ ಬದಲಿಸಬೇಕು. ಅದನ್ನು ಕಲಿಯುವಷ್ಟರಲ್ಲಿ ಸೆಮಿಸ್ಟರ್ ಅರ್ಧ ಮುಗಿದಿತ್ತು. ಕನ್ನಡ ವಿಭಾಗದವರೇ ಇದರಲ್ಲಿ ಹೆಚ್ಚು ಒದ್ದಾಡಿದರು ಅನ್ನುವುದು ನಮಗೆ ಇವತ್ತಿಗೂ ಬೇಸರದ ಮಾತು.

ಸರ್ಕಾರವೂ ಸುಮ್ಮನಿರಲಿಲ್ಲ. 2021ರಲ್ಲಿ ಸರ್ಕಾರಿ ಪದವಿ ಕಾಲೇಜುಗಳಿಗೆ ತನ್ನದೇ ಕಲಿಕಾ ವ್ಯವಸ್ಥೆ ತಂದಿತು, ಟ್ಯಾಬ್ ಹಂಚಿತು. ಅದೇ ವರ್ಷ ಅಕ್ಟೋಬರ್ 2ಕ್ಕೆ ನಮ್ಮ ಐದೂ ತಾಲ್ಲೂಕುಗಳು ಬಳ್ಳಾರಿ ಬಿಟ್ಟು ಹೊಸ ವಿಜಯನಗರ ಜಿಲ್ಲೆಯ ಲೆಕ್ಕಕ್ಕೆ ಬಂದವು. ಅಷ್ಟರಲ್ಲಿ ಶಾಲೆಗಳ ಬಾಗಿಲು ತೆರೆಯತೊಡಗಿದ್ದವು. ಕೋಡ್ ಬರೆದ ರಟ್ಟು ಅಟ್ಟ ಸೇರಿತು.

ಈಗ ವಿಷಯಕ್ಕೆ ಬರೋಣ. 2023ರಲ್ಲಿ ಗೂಗಲ್ ಒಂದು ನಿಯಮ ತಂದಿತು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅದರೊಳಗಿನ ಮೇಲ್, ಡ್ರೈವ್, ಫೋಟೊಗಳ ಸಮೇತ ಅಳಿಸಬಹುದು. 2023ರ ಡಿಸೆಂಬರ್‌ನಿಂದ ಇದು ಜಾರಿಯಲ್ಲಿದೆ. ಕಾಲೇಜಿನ ಹೆಸರಿನಲ್ಲಿ ಕೊಟ್ಟ ಖಾತೆಗಳಿಗೆ ಇದು ಅನ್ವಯವಾಗುವುದಿಲ್ಲ. ಆದರೆ 2020ರಲ್ಲಿ ಪಾಠಕ್ಕೆಂದೇ ಅವಸರದಲ್ಲಿ ಹೊಸ ಜಿಮೇಲ್ ಮಾಡಿಕೊಂಡ ಮೇಷ್ಟ್ರು, ಮಕ್ಕಳು ನಮ್ಮಲ್ಲಿ ಎಷ್ಟು ಮಂದಿ! ವಿದ್ಯಾರ್ಥಿವೇತನದ ಅರ್ಜಿಗೆ ಕೊಟ್ಟದ್ದೂ ಅದೇ ಮೇಲ್, ಅಂಕಪಟ್ಟಿಯ ಫೋಟೊ ಇಟ್ಟದ್ದೂ ಅದರಲ್ಲೇ. ಪಾಸ್‌ವರ್ಡ್ ಬರೆದ ಚೀಟಿ ಈಗ ಎಲ್ಲಿದೆಯೋ.

ಕಾಗದದ ದಾಖಲೆಯಾದರೆ ದಾರಿ ಇರುತ್ತದೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, ತಿರುಗಿ ಬಳ್ಳಾರಿಗೆ ಬಂತು, ಈಗ ವಿಜಯನಗರಕ್ಕೆ ಸೇರಿದೆ. ಅಲ್ಲಿನ ಹಳೆ ಕಡತ ಬೇಕಾದರೆ ಮೂರು ಊರು ಅಲೆಯಬೇಕಾಗಬಹುದು. ಆದರೆ ಯಾವ ಕಚೇರಿಯ ಬಾಗಿಲಲ್ಲಿ ನಿಲ್ಲಬೇಕು ಅಂತಲಾದರೂ ಗೊತ್ತಿರುತ್ತದೆ. ಅಳಿಸಿಹೋದ ತರಗತಿಯನ್ನು ಕೇಳಲು ಹೊಸಪೇಟೆಯಲ್ಲಿ ಯಾವ ಕೌಂಟರ್ ಇದೆ?

ಖಾತೆ ಇನ್ನೂ ತೆರೆಯುತ್ತದೆಯೇ ಅಂತ ಇವತ್ತೇ ಒಮ್ಮೆ ನೋಡಿ. ಲಾಗಿನ್ ಆಗಿ ಒಂದು ಮೇಲ್ ಓದಿದರೂ ಸಾಕು, ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ‘ಗೂಗಲ್ ಟೇಕ್‌ಔಟ್’ ಅಂತ ಹುಡುಕಿದರೆ ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳುವ ದಾರಿ ಸಿಗುತ್ತದೆ. ವೈಫೈ ಇರುವ ಕಡೆ ಕೂತು ಮಾಡಿ, ಫೈಲ್ ದೊಡ್ಡದಿರುತ್ತದೆ.

ನಮ್ಮ ಬಳಗದ ಒಬ್ಬರು ಹಾಗೆ ಇಳಿಸಿದ ಕಡತದಲ್ಲಿ ಹಡಗಲಿ ಕಡೆಯ ಅತಿಥಿ ಉಪನ್ಯಾಸಕರೊಬ್ಬರ ಅರ್ಥಶಾಸ್ತ್ರದ ಪಾಠ ಸಿಕ್ಕಿತು. ಹದಿನೆಂಟು ನಿಮಿಷದ ಧ್ವನಿ. ಗೌರವಧನ ಬಾರದ ತಿಂಗಳುಗಳಲ್ಲಿ ಮನೆಯ ಹಿತ್ತಲಲ್ಲಿ ಕೂತು ಹೇಳಿದ್ದು. ಬೇಡಿಕೆ, ಪೂರೈಕೆ ಅಂತ ವಿವರಿಸುವಾಗ ಹಿಂದೆ ಕೋಳಿ ಕೂಗುತ್ತದೆ. ಅವರು ತಡೆದು, “ಇರ್ರೀ, ಇದನ್ನ ಓಡಿಸಿ ಬರ್ತೀನಿ” ಅಂತ ಎದ್ದು ಹೋಗುತ್ತಾರೆ. ಅರ್ಧ ನಿಮಿಷ ಬರೀ ಗಾಳಿ. ಆಮೇಲೆ ಮತ್ತೆ ಪಾಠ.